ನೆಲ ಒರೆಸಿದ ಬಾಣಂತಿ

ನನ್ನ ತಮ್ಮನ ಮಗಳು ಹುಟ್ಟಿದ ದಿನವನ್ನು ಮನೆಯವರೆಲ್ಲ ಸಂತೋಷದಿಂದ ನೆನೆಯುತ್ತಾರೆ. ನಾನು ಮಾತ್ರ ಆ ದಿನದ ಮಾತು ಬಂದರೆ ಎದ್ದು ಒಳಗೆ ಹೋಗುತ್ತೇನೆ. ಪಾಪ, ಮಗುವಿನದೇನೂ ತಪ್ಪಿಲ್ಲ. ಅದು ಅತ್ತುಕೊಂಡು, ಕೆಂಪಗೆ, ಚೆನ್ನಾಗಿಯೇ ಹುಟ್ಟಿತು.

ನಮ್ಮ ತವರು ಹೊನ್ನೂರು. ನಾನು ಯಳಂದೂರಿನಲ್ಲಿ ಹೈಸ್ಕೂಲ್ ಟೀಚರ್. ತಮ್ಮನ ಹೆಂಡತಿ ಮುಳ್ಳೂರಿನ ಹುಡುಗಿ, ಚೊಚ್ಚಲ ಹೆರಿಗೆಗೆಂದು ತಾಯಿಮನೆಗೆ ಹೋಗಿದ್ದಳು. ಬೆಳಿಗ್ಗೆ ನೋವು ಶುರುವಾಯಿತೆಂದು ಫೋನ್ ಬಂದಾಗ ನಾನು ರಜೆ ಹಾಕಿ ಬಸ್ ಹತ್ತಿದೆ. ಕೊಳ್ಳೇಗಾಲದಲ್ಲಿ ಅವಳನ್ನು ಸೇರಿಸಿದ್ದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ನಾನು ಹೋಗುವಷ್ಟರಲ್ಲಿ ನಾದಿನಿಗೆ ಕಿಟಕಿ ಪಕ್ಕದ ಮಂಚ ಸಿಕ್ಕಿತ್ತು, ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಅವಳ ತಾಯಿ ಬಹಳ ಸಮಾಧಾನದಲ್ಲಿದ್ದರು. ಸಿಸ್ಟರು ಯಾವ ಊರು, ಯಾರ ಮನೆ ಎಂದು ವಿಚಾರಿಸಿಕೊಂಡರಂತೆ. ಇವರ ಹಣೆಯ ವಿಭೂತಿ ನೋಡಿ, ಮನೆತನದ ಹೆಸರು ಕೇಳಿ, ನಮ್ಮವರೇ ಅಂದರಂತೆ. ಆ ಮಾತನ್ನು ಅವರು ಒಂದು ಬಹುಮಾನ ಬಂದವರ ಹಾಗೆ ನನಗೆ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಇನ್ನೊಬ್ಬಳು ಬಂದಳು. ಹನೂರಿನಿಂದಾಚೆ, ಮಹದೇಶ್ವರ ಬೆಟ್ಟದ ದಾರಿಯಿಂದ ಒಳಕ್ಕೆ ಕಾಡಿನ ಕಡೆ ಇರುವ ಸೋಲಿಗರ ಪೋಡಿನವಳು, ಅವರ ಸಣ್ಣ ಹಾಡಿಗೆ ಪೋಡು ಅನ್ನುತ್ತಾರೆ. ಸಣ್ಣ ಪ್ರಾಯ, ತೆಳ್ಳಗಿನ ಮೈ, ಜೊತೆಯಲ್ಲಿ ಅವಳ ತಾಯಿ. ಎಲ್ಲಿಂದಲೋ ಒಂದು ಜೀಪು, ಅಲ್ಲಿಂದ ಬಸ್ಸು, ಬಸ್ ಸ್ಟ್ಯಾಂಡಿನಿಂದ ಆಟೋ ಎಂದು ವಾಹನ ಬದಲಿಸಿಕೊಂಡು ನೋವಿನಲ್ಲೇ ಬಂದಿದ್ದರು. ಒಳಗೆ ಮಂಚ ಖಾಲಿ ಇತ್ತು. ನಾನು ಕಣ್ಣಾರೆ ನೋಡಿದ್ದೇನೆ, ನಾದಿನಿಯ ತಾಯಿ ಅದರ ಮೇಲೆ ನಮ್ಮ ಬಟ್ಟೆಯ ಬ್ಯಾಗುಗಳನ್ನು ಇಟ್ಟಿದ್ದರು. ಆದರೂ ಸಿಸ್ಟರು ಆ ಹುಡುಗಿಗೆ ಕಾರಿಡಾರಿನಲ್ಲಿ ಚಾಪೆ ಹಾಸಿಕೊಳ್ಳಲು ಹೇಳಿದರು. ನಾನು ಬ್ಯಾಗುಗಳನ್ನು ಎತ್ತಿ ನೆಲಕ್ಕಿಟ್ಟು, ಇಲ್ಲಿ ಜಾಗ ಇದೆಯಲ್ಲ ಅಂದೆ. ಸಿಸ್ಟರು ನಗುತ್ತಲೇ, ಅದು ಇನ್ಯಾರಿಗೋ ಬೇಕಾಗುತ್ತದೆ ಮೇಡಂ ಅಂದರು. ಆ ಇನ್ಯಾರೋ ಸಂಜೆಯವರೆಗೂ ಬರಲಿಲ್ಲ.

ಹೆರಿಗೆ ಕೋಣೆಯಲ್ಲಿ ಎರಡು ಟೇಬಲ್, ನಡುವೆ ಒಂದು ಹಸಿರು ಪರದೆ. ಇಬ್ಬರನ್ನೂ ಹೆಚ್ಚು ಕಡಿಮೆ ಒಟ್ಟಿಗೇ ಒಳಗೆ ಕರೆದರು. ನಾನು ಟೀಚರ್ ಎಂದು ಗೊತ್ತಿದ್ದರಿಂದ ನಾದಿನಿಯ ಜೊತೆ ಇರಲು ಬಿಟ್ಟರು. ಪೋಡಿನ ಹುಡುಗಿಯ ತಾಯಿಯನ್ನು ಬಾಗಿಲಲ್ಲೇ ತಡೆದರು. ಆಕೆ ಬಾಗಿಲ ಸಂದಿಯಲ್ಲಿ ಬೆರಳು ತೂರಿಸಿ ನಿಂತಿದ್ದಳು. ಬೆರಳು ತೆಗಿ, ಜಜ್ಜಿಹೋಗ್ತದೆ ಎಂದು ಗದರಿ ಬಾಗಿಲು ಹಾಕಿದರು.

ಸಿಸ್ಟರಿಗೆ ಎರಡು ಬಾಯಿ ಇದ್ದವು ಅನ್ನಬೇಕು. ಪರದೆಯ ಈ ಕಡೆ ಬಂದರೆ ನಾದಿನಿಯ ಹಣೆ ಒರೆಸಿ, ಚಿನ್ನ, ಇನ್ನೊಂಚೂರು ಮುಕ್ಕಮ್ಮ ಅನ್ನುತ್ತಿದ್ದರು. ಆ ಕಡೆ ಹೋದ ಕೂಡಲೇ ದನಿ ಬದಲಾಗುತ್ತಿತ್ತು. ಆ ಹುಡುಗಿ ನೋವಿಗೆ ಕೂಗಿಕೊಂಡಾಗ ಆಕೆ ಆಡಿದ ಮಾತನ್ನು ನಾನು ಇಲ್ಲಿ ಪೂರ್ತಿ ಬರೆಯಲಾರೆ. ಗಂಡನ ಪಕ್ಕ ಮಲಗುವಾಗ ಹೀಗೆ ಕೂಗಿದ್ದೆಯಾ ಎಂಬುದು ಅದರಲ್ಲಿ ತಕ್ಕಮಟ್ಟಿಗೆ ಬರೆಯಬಹುದಾದ ಭಾಗ. ಆಮೇಲೆ ಒಂದು ಏಟಿನ ಸದ್ದು. ಬರಿಮೈ ಮೇಲೆ ಅಂಗೈ ಬಿದ್ದ ಸದ್ದು. ತೊಡೆಯ ಮೇಲೆ ಹೊಡೆದಿದ್ದರು ಎಂದು ಆಮೇಲೆ ತಿಳಿಯಿತು. ಕೂಗು ಅಲ್ಲಿಗೇ ನಿಂತುಹೋಯಿತು.

ನಾದಿನಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು.

“ಅಕ್ಕಾ, ನಾನ್ ಕೂಗುದ್ರೆ ನಂಗೂ ಒಡೀತಾರಾ?”

ಇಲ್ಲ ಅಂದೆ. ಹೇಗೆ ಅಷ್ಟು ಖಚಿತವಾಗಿ ಹೇಳಿದೆ ಎಂದು ಆ ಕ್ಷಣವೇ ಹೊಳೆಯಿತು. ಅವಳನ್ನು ಹೊಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಾಕೆ ಹೊಡೆಯುವುದಿಲ್ಲ ಎಂದೂ ಗೊತ್ತಿತ್ತು. ಪರದೆಯಾಚೆಗೆ ಕೇಳುವಂತೆ ಜೋರಾಗಿ, ಸಿಸ್ಟರ್, ಏನು ಮಾಡುತ್ತಿದ್ದೀರಿ ಎಂದು ಕೇಳಿದೆ. ಏನಿಲ್ಲ ಮೇಡಂ, ನೀವು ನಿಮ್ಮವರನ್ನು ನೋಡಿಕೊಳ್ಳಿ ಎಂದು ಉತ್ತರ ಬಂತು.

ಆ ಹುಡುಗಿಗೆ ಮೊದಲು ಹೆರಿಗೆಯಾಯಿತು, ಗಂಡು ಮಗು. ಸ್ವಲ್ಪ ಹೊತ್ತಿಗೆ ನಮ್ಮವಳಿಗೂ ಆಯಿತು. ಡಾಕ್ಟರಮ್ಮ ಬಂದು ನೋಡಿ ಹೋದರು. ನಮ್ಮ ಮಗುವನ್ನು ಒರೆಸಿ ಬಟ್ಟೆ ಸುತ್ತಿ ಹೊರಗೆ ಅಜ್ಜಿಯ ಕೈಗೆ ಕೊಡಲು ಸಿಸ್ಟರು ಹೋದಾಗ, ನಾದಿನಿಗೆ ಕುಡಿಯಲು ನೀರು ತರೋಣವೆಂದು ನಾನು ಪರದೆ ಸರಿಸಿದೆ.

ಆ ಹುಡುಗಿ ಟೇಬಲ್ಲಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು ನೆಲ ಒರೆಸುತ್ತಿದ್ದಳು. ಈಗ ತಾನೇ ಹೆತ್ತವಳು, ಮಗು ಪಕ್ಕದ ತೊಟ್ಟಿಲಲ್ಲಿತ್ತು. ಸೀರೆಯನ್ನು ಮಂಡಿಯವರೆಗೆ ಎತ್ತಿ ಕಟ್ಟಿಕೊಂಡು, ತನ್ನದೇ ರಕ್ತವನ್ನು ಒಂದು ಹರಕು ಬಟ್ಟೆಯಲ್ಲಿ ಬಳಿದು ಬಕೆಟ್ಟಿಗೆ ಹಿಂಡುತ್ತಿದ್ದಳು. ಒರೆಸಿದ ಕಡೆ ಮತ್ತೆ ರಕ್ತ ತೊಟ್ಟಿಕ್ಕುತ್ತಿತ್ತು, ಮತ್ತೆ ಒರೆಸುತ್ತಿದ್ದಳು. ಆಸ್ಪತ್ರೆಯ ಆಯಾ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಳು. ನಾನು ನೋಡಿದ್ದನ್ನು ಕಂಡು ತಲೆ ತಗ್ಗಿಸಿದಳು. ಸಿಸ್ಟರು ಹೇಳಿದರು, ಅವಳ ಗಲೀಜು ಅವಳೇ ತೆಗೀಲಿ ಅಂತ, ಎಂದು ಮೆಲ್ಲಗೆ ಅಂದಳು.

ನಾನು ಬಗ್ಗಿ ಬಟ್ಟೆಗೆ ಕೈ ಹಾಕಿದೆ. ಹುಡುಗಿ ಕೊಡಲಿಲ್ಲ.

“ಬುಡಿ ಅಕ್ಕಾ. ನೀವ್ ಒರೆಸ್ಬುಟ್ಟು ಓಯ್ತೀರಿ. ಆಮ್ಯಾಕೆ ಬೈಸ್ಕೊಳ್ಳೋಳು ನಾನು.”

ಅವಳು ಹೇಳಿದ್ದು ಸರಿಯಾಗಿತ್ತು. ನಾನು ಬಟ್ಟೆ ಬಿಟ್ಟು ಅವಳ ರಟ್ಟೆ ಹಿಡಿದು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದೆ. ಅಷ್ಟರಲ್ಲಿ ಸಿಸ್ಟರು ಬಂದರು. ನನ್ನ ಸೀರೆಗೆ ತಾಗಿದ ರಕ್ತ ನೋಡಿ ಅವರಿಗೆ ನಿಜವಾಗಿಯೂ ಸಂಕಟವಾಯಿತು, ಅಯ್ಯೋ ಮೇಡಂ, ನಿಮ್ಮ ಸೀರೆ ಎಂದರು. ಹೆತ್ತವಳ ಕೈಯಲ್ಲಿ ನೆಲ ಒರೆಸುತ್ತೀರಲ್ಲ, ನಿಮಗೆ ಹೇಸಿಗೆ ಆಗುವುದಿಲ್ಲವೇ ಎಂದು ಕೇಳಿದೆ.

“ಅವ್ರಿಗೆಲ್ಲ ಅಭ್ಯಾಸ ಮೇಡಂ. ಕಾಡಲ್ಲಿ ಹೆತ್ತು ಅವತ್ತೇ ಸೌದೆ ಹೊರೋರು. ನಮ್ ತರ ಅಲ್ಲ ಅವ್ರು.”

ಕೋಪದಿಂದ ಹೇಳಲಿಲ್ಲ. ನನಗೆ ಗೊತ್ತಿಲ್ಲದ ವಿಷಯವನ್ನು ವಿಶ್ವಾಸದಿಂದ ತಿಳಿಸುವವರ ಹಾಗೆ ಹೇಳಿದರು. ಆ ನಮ್ಮ ಎಂಬ ಮಾತಿನಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದರು. ನಾನು ಸ್ಟೂಲಿನ ಪಕ್ಕದಲ್ಲೇ ನಿಂತೆ. ನಾನು ಅಲ್ಲಿಂದ ಕದಲುವುದಿಲ್ಲ ಎಂದು ಖಾತ್ರಿಯಾದ ಮೇಲೆ ಆಯಾಗೆ ಸನ್ನೆ ಮಾಡಿದರು. ಆಯಾ ನೆಲ ಒರೆಸಿದಳು. ಹುಡುಗಿಯ ತಾಯಿಯನ್ನು ಒಳಗೆ ಬಿಟ್ಟರು.

ಹೊರಗೆ ಬಂದು ಮಗುವಿಗೆ ಕೈ ಚಾಚಿದೆ. ನಾದಿನಿಯ ತಾಯಿ ಮಗುವನ್ನು ಎದೆಗೆ ಒತ್ತಿ ಹಿಂದಕ್ಕೆ ಸರಿದರು. ಒಳಗೆ ನಡೆದದ್ದು ಅವರಿಗೆ ಆಗಲೇ ಮುಟ್ಟಿತ್ತು. ಮೊದಲು ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿ ಬಾ, ಎಂಥವರನ್ನೆಲ್ಲ ಮುಟ್ಟಿದ್ದೀಯ ಅಂದರು. ಅವರ ಮಗಳ ರಕ್ತವೂ ನನ್ನ ಕೈಗೆ ಹತ್ತಿತ್ತು. ಅದಕ್ಕೆ ಆಕ್ಷೇಪಣೆ ಇರಲಿಲ್ಲ. ಆ ಮೇಲೆ ನನ್ನ ತಮ್ಮ ಲಾಡಿನ ಪೊಟ್ಟಣ ತಂದು ವಾರ್ಡಿನಲ್ಲಿ ಎಲ್ಲರಿಗೂ ಹಂಚಿದ. ಸಿಸ್ಟರಿಗೆ ಎರಡು ಕೊಟ್ಟ. ಆಕೆ ಏನು ಮಾಡಿದಳು ಗೊತ್ತೇನೋ ಎಂದು ಅವನನ್ನು ಮೂಲೆಗೆ ಕರೆದು ಹೇಳಿದೆ. ಅವನು ಕೆಟ್ಟವನಲ್ಲ. ಆದರೆ ಅವನ ಮುಖದಲ್ಲಿ ಸುಖವೇ ತುಂಬಿತ್ತು.

“ನಮ್ಮುಡ್ಗೀನ ಚೆನ್ನಾಗ್ ನೋಡ್ಕಂಡವ್ರಲ್ಲಕ್ಕ, ಸಾಕು ಬುಡು.”

ನಾನು ಲಾಡು ತಿನ್ನಲಿಲ್ಲ. ಅವನು ಮಗಳು ಹುಟ್ಟಿದ್ದಕ್ಕೆ ನನಗೆ ಬೇಸರ ಎಂದುಕೊಂಡ.

ಮರುದಿನ ಆಸ್ಪತ್ರೆಯ ಮುಖ್ಯ ಡಾಕ್ಟರನ್ನು ನೋಡಿದೆ. ಕುರ್ಚಿ ಕೊಟ್ಟರು, ಟೀ ತರಿಸಿದರು, ಸಿಬ್ಬಂದಿ ಕಮ್ಮಿ, ಕೆಲಸದ ಒತ್ತಡ, ಬಾಯಿ ಸ್ವಲ್ಪ ಜೋರು ಆದರೆ ಕೈಗುಣ ಒಳ್ಳೆಯದು ಎಂದರು. ಕೊನೆಗೆ, ನೊಂದವಳು ನೀವಲ್ಲವಲ್ಲ ಮೇಡಂ, ಅವಳೇ ಬಂದು ಹೇಳಲಿ, ಖಂಡಿತ ವಿಚಾರಿಸುತ್ತೇನೆ ಅಂದರು. ಅವಳು ಬರುವುದಿಲ್ಲ ಎಂಬ ಭರವಸೆ ಅವರ ಮುಖದಲ್ಲಿ ಕಾಣುತ್ತಿತ್ತು. ಅಷ್ಟೊತ್ತಿಗೆ ತಾಯಿ ಮಗಳು ಮಗುವನ್ನು ಎತ್ತಿಕೊಂಡು ಯಾರಿಗೂ ಹೇಳದೆ ಹೊರಟುಹೋಗಿದ್ದರು.

ಒಂದು ಭಾನುವಾರ ನಾನು ಹನೂರಿಗೆ ಹೋಗಿ, ಅಲ್ಲಿಂದ ಬೆಟ್ಟದ ಬಸ್ಸಿನಲ್ಲಿ ಮಧ್ಯದಲ್ಲಿ ಇಳಿದು, ಕೇಳಿಕೊಂಡು ನಡೆದು ಅವರ ಪೋಡು ಸೇರಿದೆ. ಹುಡುಗಿ ಬಿಸಿಲಿಗೆ ಮಗುವನ್ನು ಮಲಗಿಸಿ ಎಣ್ಣೆ ಹಚ್ಚುತ್ತಿದ್ದಳು. ನನ್ನ ಗುರುತು ಹಿಡಿದಳು, ಆದರೆ ನಗಲಿಲ್ಲ. ಅವಳ ತಾಯಿಗೆ ನಾನು ಬಂದದ್ದೇ ಇಷ್ಟವಾಗಲಿಲ್ಲ. ಇನ್ನು ಮಕ್ಕಳಾದರೆ ಇಲ್ಲೇ ಆಗಲಿ, ಸತ್ತರೂ ಕೆಳಗೆ ಕರೆದುಕೊಂಡು ಹೋಗುವುದಿಲ್ಲ ಅಂದಳು. ನಾನು ಡಾಕ್ಟರು ಹೇಳಿದ್ದನ್ನು ಹೇಳಿ, ಬರುವುದು ಬಿಡುವುದು ನಿನಗೆ ಸೇರಿದ್ದು ಎಂದೆ. ಹುಡುಗಿ ಮಗುವಿನ ಎರಡೂ ಕಾಲು ನೀವಿ ಮುಗಿಸಿ, ಆ ಸಿಸ್ಟರು ಎದುರಿಗೆ ಇದ್ದರೆ ಬರುತ್ತೇನೆ, ಹಿಂದೆ ನಿಂತು ಚಾಡಿ ಹೇಳುವುದಕ್ಕಾದರೆ ಬರುವುದಿಲ್ಲ ಅಂದಳು.

ಬಂದಳು. ನಾನು ಬರೆದಿದ್ದ ದೂರಿನ ಮೇಲೆ ಜಿಲ್ಲೆಯಿಂದ ಒಬ್ಬ ಅಧಿಕಾರಿಯೂ ಬಂದಿದ್ದರು. ಡಾಕ್ಟರ ಕೋಣೆಯಲ್ಲಿ ನನಗೆ ಕುರ್ಚಿ ಹಾಕಿದರು, ಮಗು ಎತ್ತಿಕೊಂಡವಳನ್ನು ನಿಲ್ಲಿಸಿಕೊಂಡೇ ಮಾತು ಶುರು ಮಾಡಿದರು. ನಾನು ಎದ್ದು ಅವಳನ್ನು ಕೂರಿಸಿದ ಮೇಲೆ ಎಲ್ಲಿಂದಲೋ ಇನ್ನೊಂದು ಕುರ್ಚಿ ಬಂತು. ಸಿಸ್ಟರು ತಾವು ಹೊಡೆದೇ ಇಲ್ಲ, ನೆಲ ಒರೆಸು ಅಂದೂ ಇಲ್ಲ, ಅವಳೇ ನಾಚಿಕೆಯಿಂದ ಒರೆಸಿಕೊಂಡಳು ಎಂದರು. ಅಧಿಕಾರಿ ಹುಡುಗಿಯ ಕಡೆ ತಿರುಗಿದರು.

“ನೆಲ ಒರೆಸುದ್ದು ಇರ್ಲಿ ಸಾ,” ಅಂದಳು. “ಮನೇಲೂ ಒರೆಸ್ತೀನಿ. ಒಡದ್ರಲ್ಲ, ಅದ್ಯಾಕೆ ಅಂತ ಕೇಳಿ. ನೋವಾಯ್ತು, ಕೂಗ್ದೆ. ನಾನೇನ್ ತಪ್ಪ್ ಮಾಡ್ದೆ?”

ಹೊಡೆದದ್ದನ್ನು ಕಂಡವರು ಯಾರು ಎಂದು ಡಾಕ್ಟರು ಕೇಳಿದರು. ನಾನು ಕೇಳಿಸಿಕೊಂಡೆ ಅಂದೆ. ಆಗ ಬಾಗಿಲ ಬಳಿ ನಿಂತಿದ್ದ ನನ್ನ ನಾದಿನಿ ಒಳಗೆ ಬಂದಳು. ಬಾಣಂತಿ ಹೊರಗೆ ಕಾಲಿಡಬಾರದು ಎಂದು ಅವಳ ತಾಯಿ ತಡೆದಿದ್ದರಂತೆ, ಮಗುವಿಗೆ ಚುಚ್ಚುಮದ್ದು ಎಂದು ಹೇಳಿ ಆಟೋದಲ್ಲಿ ಬಂದಿದ್ದಳು.

“ಪರದೆ ಈಚೆಗೆ ನಾನಿದ್ದೆ ಸಾ,” ಅಂದಳು. “ನಂಗೆ ಚಿನ್ನ ಅಂತ ಅಂದ್ಬುಟ್ಟು ಓಗಿ ಆವಮ್ಮುಂಗೆ ಒಡದ್ರು. ಆ ಏಟ್ ಕೇಳುದ್ಮ್ಯಾಲೆ ನಾನು ಬಾಯ್ ಬುಡ್ನಿಲ್ಲ.”

ಸಿಸ್ಟರು ಅತ್ತರು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡು ಹೋದರು. ನಾನು ಯಳಂದೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ಒಂದಿಷ್ಟು ಹಗುರಾಗಿದ್ದೆ.

ಕ್ರಮ ಕೈಗೊಂಡರು. ಆಯಾಳನ್ನು ಕೆಲಸದಿಂದ ತೆಗೆದರು. ಅವಳು ಗುತ್ತಿಗೆಯವಳು, ತೆಗೆಯುವುದು ಸುಲಭ. ನೆಲ ಸ್ವಚ್ಛ ಮಾಡುವುದು ಆಯಾಳ ಕರ್ತವ್ಯ, ಅದನ್ನು ಬಾಣಂತಿಯ ಕೈಲಿ ಮಾಡಿಸಿದ್ದಾಳೆ ಎಂಬುದು ಕಾರಣ. ಸಿಸ್ಟರಿಗೆ ಬುದ್ಧಿ ಹೇಳಿ ಬೇರೆ ವಾರ್ಡಿಗೆ ಹಾಕಿದರು. ಡಾಕ್ಟರಿಗೆ ಫೋನ್ ಮಾಡಿ, ಇದೆಂಥ ನ್ಯಾಯ ಎಂದು ಕೇಳಿದರೆ, ನೀವು ಕೇಳಿದ್ದಕ್ಕೇ ತಾನೇ ಕ್ರಮ ಕೈಗೊಂಡದ್ದು ಅಂದರು. ಜಿಲ್ಲೆಗೆ ಮತ್ತೆ ಬರೆದೆ, ಉತ್ತರ ಬರಲಿಲ್ಲ. ಆ ಆಯಾ ಕೆಲವು ತಿಂಗಳ ನಂತರ ಬಸ್ ಸ್ಟ್ಯಾಂಡಿನ ಹತ್ತಿರ ಸೊಪ್ಪು ಮಾರುತ್ತ ಸಿಕ್ಕಳು. ಮಾತಾಡಿಸಲು ಹೋದೆ. ತಾನು ಒರೆಸುತ್ತೇನೆ ಎಂದಿದ್ದಳಂತೆ, ಸಿಸ್ಟರೇ ಬೇಡ ಅಂದರಂತೆ. ಸೊಪ್ಪು ಕೊಡು ಅಂದರೆ ನನಗೆ ಕೊಡಲಿಲ್ಲ, ಬೇರೆಯವರ ಹತ್ತಿರ ತಗೊಳ್ಳಿ ಅಂದಳು. ಅಷ್ಟು ಸಣ್ಣ ಅಂಗಡಿಯವಳಿಗೆ ಗಿರಾಕಿಯನ್ನು ಕಳಿಸಿಬಿಡುವಷ್ಟು ಸಿಟ್ಟಿತ್ತು, ಇರಬೇಕಾದದ್ದೇ.

ಆಸ್ಪತ್ರೆಯಲ್ಲಿ ಒಂದು ಬದಲಾವಣೆ ಮಾತ್ರ ನಿಜವಾಗಿ ಆಯಿತು. ಹೆರಿಗೆ ಕೋಣೆಗೆ ಪ್ರತಿಯೊಬ್ಬಳ ಜೊತೆಯೂ ಒಬ್ಬ ಹೆಂಗಸನ್ನು ಬಿಡುತ್ತಾರೆ. ಗೋಡೆಗೆ ಗೌರವದ ಹೆರಿಗೆ ಎಂದು ಬರೆದು ನಗುವ ತಾಯಿಯ ಚಿತ್ರ ಅಂಟಿಸಿದ್ದಾರೆ. ಚಿತ್ರದ ತಾಯಿ ಬೆಳ್ಳಗಿದ್ದಾಳೆ, ಕೊರಳ ತುಂಬ ಒಡವೆ ಹಾಕಿದ್ದಾಳೆ. ಅಂಥವಳಿಗೆ ಗೌರವ ಕೊಡಿ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹೋದ ವರ್ಷ ಪೋಡಿನ ಹುಡುಗಿ ಎರಡನೆಯ ಹೆರಿಗೆಗೆ ಅಲ್ಲಿಗೇ ಬಂದಳು. ರಕ್ತ ಕಮ್ಮಿ ಇದೆ, ಮನೆಯಲ್ಲಿ ಹೆರುವುದು ಅಪಾಯ ಎಂದು ಅವರ ಕಡೆಯ ಆಶಾ ಕಾರ್ಯಕರ್ತೆ ಒತ್ತಾಯಿಸಿದ್ದಳು. ತಾಯಿಗೆ ಕಾಯಿಲೆಯಾಗಿ ಬರಲಾಗದ್ದರಿಂದ ಹುಡುಗಿ ನನ್ನ ನಾದಿನಿಗೆ ಫೋನ್ ಮಾಡಿದ್ದಳು. ನಾದಿನಿ ಒಳಗೆ ಅವಳ ಪಕ್ಕದಲ್ಲಿ ನಿಂತಳು, ನಾನು ಹೊರಗೆ ಕೂತೆ. ಮಂಚ ಕೊಟ್ಟಿದ್ದರು. ಹೊಸ ಸಿಸ್ಟರು, ಹೆಸರು ಹಿಡಿದು ಕರೆಯುತ್ತಿದ್ದರು. ಒಳಗಿನಿಂದ ಒಂದು ಸದ್ದೂ ಬರಲಿಲ್ಲ. ಮಗು ಅತ್ತ ಮೇಲೆಯೇ ಹೆರಿಗೆಯಾಯಿತೆಂದು ನನಗೆ ಗೊತ್ತಾದದ್ದು.

ಸಿಸ್ಟರು ಹೊರಗೆ ಬಂದು ಮೆಚ್ಚುಗೆಯಿಂದ ಹೇಳಿದರು, ಎಷ್ಟು ಒಳ್ಳೆಯ ಪೇಷಂಟು, ಒಂದು ಸಲವೂ ಕೂಗಲಿಲ್ಲ ಎಂದು. ಒಳಗೆ ಹೋಗಿ ನೋಡಿದೆ. ಹುಡುಗಿಯ ಕೆಳತುಟಿ ಹಲ್ಲಿನ ಗುರುತಿನುದ್ದಕ್ಕೂ ಸೀಳಿ ಊದಿಕೊಂಡಿತ್ತು. ನಾದಿನಿ ಸೆರಗು ಒದ್ದೆ ಮಾಡಿ ಅದನ್ನು ಒತ್ತುತ್ತಿದ್ದಳು.