ಅಡ್ಡಗೋಡೆಯ ಮೇಲಿನ ಭಾವ

ನಮ್ಮ ಅಕ್ಕನ ಗಂಡ ರಾಯಭಾರ ಕಚೇರಿಯಲ್ಲಿ ಗುಮಾಸ್ತಗಿರಿಯಿಂದ ಶುರು ಮಾಡಿ ಕೊನೆಗೆ ರಾಯಭಾರಿಯೇ ಆದವರು. ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ‘ಹೌದು’ ಎಂದಾಗಲಿ ‘ಇಲ್ಲ’ ಎಂದಾಗಲಿ ಒಮ್ಮೆಯೂ ಬರಲಿಲ್ಲವಂತೆ. ಅದನ್ನು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಪರದೇಶದವರು ಏನು ಕೇಳಿದರೂ ‘ನೋಡೋಣ’ ಎನ್ನುವುದು, ರಾಜಧಾನಿಗೆ ತಂತಿ ಕಳಿಸುವುದು, ಉತ್ತರಕ್ಕೆ ಕಾಯುವುದು. ಅಷ್ಟರಲ್ಲಿ ಕೇಳಿದವರಿಗೇ ಮರೆತುಹೋಗಿರುತ್ತಿತ್ತು.

“ನೋಡೋಣ ಅಂದ್ರೆ ಇಲ್ಲ ಅಂತಾನೇ ಕಣಯ್ಯ. ಆದ್ರೆ ಯಾರಿಗೂ ಬೇಜಾರಾಗಲ್ಲ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು” ಎಂದು ನನಗೂ ಒಮ್ಮೆ ಪಾಠ ಹೇಳಿದರು. ನಾನು ಔಷಧಿ ಅಂಗಡಿಯವನು. ಮಾತ್ರೆ ಇದೆಯೋ ಇಲ್ಲವೋ ಹೇಳದೆ ನಾನು ‘ನೋಡೋಣ’ ಎಂದರೆ ಗಿರಾಕಿ ಬಾಗಿಲಲ್ಲೇ ಕಣ್ಣು ಮುಚ್ಚುತ್ತಾನೆ.

ಔತಣದ ದಿನ ಮಾತ್ರ ಅವರ ಪ್ರತಾಪ ನೋಡಬೇಕಿತ್ತು. ಯಾರ ಬಲಕ್ಕೆ ಯಾರು ಕೂರಬೇಕು ಎಂದು ಹೆಸರಿನ ಚೀಟಿಗಳನ್ನು ಮೇಜಿನ ಮೇಲೆ ಜರುಗಿಸುತ್ತಾ ಮಧ್ಯಾಹ್ನವೆಲ್ಲ ಕಳೆಯುತ್ತಿದ್ದರು. ಒಮ್ಮೆ ಗಡಿಯಲ್ಲಿ ಹೊಡೆದಾಡುತ್ತಿದ್ದ ಎರಡು ದೇಶಗಳ ರಾಯಭಾರಿಗಳು ಒಬ್ಬರಿಗೊಬ್ಬರು ಕಾಣದಂತೆ ಭಾವ ನಡುವೆ ಒಂದು ದೊಡ್ಡ ಹೂದಾನಿ ಇಡಿಸಿದರು. ಯುದ್ಧವೇನೂ ನಿಲ್ಲಲಿಲ್ಲ. ಹೂದಾನಿಯನ್ನು ಎಲ್ಲರೂ ಹೊಗಳಿದರು.

ನಾನು ಅವರಲ್ಲಿಗೆ ಹೋಗಿದ್ದಾಗಲೇ ಅಕ್ಕನಿಗೆ ಹೊಟ್ಟೆನೋವು ಬಂತು. ಕರುಳು ಕೀವುಗಟ್ಟಿದೆ, ಈಗಲೇ ಆಪರೇಷನ್ ಆಗಬೇಕು, ಗಂಡ ಒಪ್ಪಿಗೆ ಕೊಡಬೇಕು ಎಂದರು ಆಸ್ಪತ್ರೆಯ ಡಾಕ್ಟರು. ಭಾವ ಟೈ ಸರಿಮಾಡಿಕೊಂಡರು.

“ಈಗಲೇ ಅಂದ್ರೆ ಎಷ್ಟು ಬೇಗ? ಇನ್ನೊಬ್ಬರ ಅಭಿಪ್ರಾಯಾನೂ ತರಿಸಿಕೊಂಡ್ರೆ ಒಳ್ಳೇದಲ್ವಾ? ನೋಡೋಣ.”

ಹೆಂಡತಿ ಕಣ್ಣೆದುರಿಗೆ ನರಳುತ್ತಿದ್ದಾಳೆ, ಈ ಮನುಷ್ಯ ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದಾರೆ. ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆಗೆಯುವ ಮೊದಲೇ ಅಕ್ಕ ಡಾಕ್ಟರ ಕೋಟು ಹಿಡಿದೆಳೆದಳು.

“ಅವರನ್ನ ಕೇಳ್ಬೇಡಿ ಡಾಕ್ಟ್ರೇ. ಹೊಟ್ಟೆ ನಂದು. ಕುಯ್ಯಿರಿ.”

ಅಕ್ಕ ಬದುಕಿದಳು. ಓಡಾಡುವಂತಾದ ಮೇಲೆ ಅವಳನ್ನು ನಮ್ಮ ಮನೆಗೆ ಕರೆತಂದೆ. ಭಾವ ಬೇಡ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ.

ಕೆಲವು ತಿಂಗಳಿಗೆ ಅವರಿಗೆ ರಾಯಭಾರಿಯಾಗಿ ಬಡ್ತಿಯಾಯಿತು. ಅಕ್ಕನನ್ನು ಕರೆದೊಯ್ಯಲು ತಾವೇ ಬಂದರು. ಮಾವನ ಮನೆಯಲ್ಲಿ ಹೊಸ ಅಳಿಯ ಕೂರುವ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ಹೊಸ ಬಂಗಲೆಯ ದೊಡ್ಡಸ್ತಿಕೆ, ಔತಣದ ಮೇಜಿನ ಉದ್ದ ಎಲ್ಲವನ್ನೂ ವರ್ಣಿಸಿದರು. ಈಗ ಹೇಗಿದ್ದೀ ಎಂದು ಮಾತ್ರ ಕೇಳಲಿಲ್ಲ. ಅಕ್ಕ ಒಣಗಿದ ಬಟ್ಟೆ ಮಡಚುತ್ತಲೇ ಇದ್ದಳು.

“ರಾಯಭಾರಿ ಎದುರಿನ ಕುರ್ಚೀಲಿ ಹೆಂಡತಿ ಕೂರಬೇಕು, ಅದು ಪದ್ಧತಿ. ಖಾಲಿ ಬಿಟ್ರೆ ಜನ ಆಡ್ಕೋತಾರೆ. ಬರ್ತೀಯಲ್ಲ?”

ಅಕ್ಕ ಒಂದು ದಿಂಬಿನ ಚೀಲ ಕೊಡವಿ ಮಡಚಿಟ್ಟಳು.

“ನೋಡೋಣ ರೀ” ಎಂದಳು.

ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ಇನ್ನೊಮ್ಮೆ ಕೇಳಲಿಲ್ಲ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಎದುರಿನ ಕುರ್ಚಿಯಲ್ಲಿ ಯಾರನ್ನು ಕೂರಿಸಬೇಕು ಎಂದು ಅಲ್ಲಿಂದ ರಾಜಧಾನಿಗೆ ತಂತಿ ಕೊಟ್ಟರಂತೆ. ಉತ್ತರ ಬಂತೋ ಇಲ್ಲವೋ, ಅಕ್ಕ ವಿಚಾರಿಸಲಿಲ್ಲ.