ಹಿಮ್ಮಡಿಗಿ ಮಾಡಿದ ಸೂಜಿ

ನನ್ನ ಎಡಗಾಲಿನ ಹಿಮ್ಮಡಿ ಮ್ಯಾಲ ಉದ್ದಕ ಹೊಲಿಗಿ ಗುರ್ತು ಅದ. ಮೈಲೂರದಾಗ ನನ್ನ ಹತ್ರ ಕಸರತ್ತು ಕಲೀಲಿಕ್ಕ ಬರೋ ಹುಡುಗ್ಯಾರು ಅದನ್ನ ನೋಡಿ, "ಬಿದ್ದಿದ್ರೇನ್ರಿ ಟೀಚರ್?" ಅಂತ ಕೇಳ್ತಾರ. "ಹೂಂನವಾ, ಬಿದ್ದಿದ್ದೆ" ಅಂತೇನಿ. ಸುಳ್ಳು. ನಾ ಬೀಳಲಿಲ್ಲ, ಬೀಳಿಸಿದ್ರು. ಮುಂಜಾನಿ ಎದ್ದು ಅದನ್ನೆಲ್ಲ ಯಾರ ಮುಂದ ಹೇಳ್ಕೋತ ಕೂಡಬೇಕು?

ಆಗ ನಾ ಭಾಲ್ಕಿ ಕಾಲೇಜಿನ ಖೋಖೋ ತಂಡದಾಗ ಇದ್ದೆ. ದಿನಾ ಬೀದರದಿಂದ ರೈಲಿಗಿ ಹೋಗಿ ಬರತಿದ್ದೆ. ರಾಜ್ಯದ ತಂಡದಾಗ ಒಂದು ಸಲ ನಿಂತು ಆಡಬೇಕು, ಅದೊಂದೇ ಹುಚ್ಚು. ಅಷ್ಟರಾಗ ಹಿಮ್ಮಡಿ ನೋಯಲಿಕ್ಕ ಸುರು ಆತು. ಮುಂಜಾನಿ ಹಾಸಿಗಿ ಬಿಟ್ಟು ಹೆಜ್ಜಿ ಇಟ್ರ ಜೀವ ಹೋದಂಗ ಆಗ್ತಿತ್ತು.

ಕಾಲೇಜಿಗಿ ಹೊಸದಾಗಿ ಬಂದಿದ್ದ ಪಿ.ಟಿ. ಸರ್ ಕಾಲು ಒತ್ತಿ ನೋಡಿದ್ರು. ಮೀನಖಂಡದ ಮಾಂಸಾನ ಹಿಮ್ಮಡಿ ಎಲುವಿಗಿ ಕಟ್ಟಿ ಹಿಡಿಯೋ ದಪ್ಪ ಹುರಿ ಇರ್ತದಲ್ಲ, ನಮ್ಮ ಕಡಿ ಅದಕ್ಕೂ ನರಾನೇ ಅಂತಾರ, ಅದು ದಣದದ ಅಂದ್ರು. ಮೆಟ್ಟಲ ತುದಿಗಿ ಬರೇ ಬೆರಳು ಊರಿ ನಿಲ್ಲಿಸಿದ್ರು. "ಹಿಮ್ಮಡಿ ಮೆಲ್ಲಗ ಕೆಳಗ ಬಿಡು. ಅಲ್ಲೇ ತಡಿ. ಮತ್ತ ಮೆಲ್ಲಗ ಏಳು. ಮಾಂಸ ಜಲ್ದಿ ಬಲೀತದವಾ, ನರ ಬಲೀಲಿಕ್ಕ ತಿಂಗಳಗಟ್ಲೆ ಬೇಕು. ಅವಸರ ಮಾಡಬ್ಯಾಡ."

ಮಳಿಗಾಲ ಪೂರ್ತಿ ನಮ್ಮ ಚರ್ಚಿನ ಮೆಟ್ಟಲ ಮ್ಯಾಲ ಇಳಿದೆ, ಏರಿದೆ. "ಏನವಾ, ಒಳಗ ಬರ್ತೀಯೋ ಹೊರಗ ಹೋಗ್ತೀಯೋ, ಒಂದು ಮಾಡು!" ಅಂತ ಪಾಸ್ಟರಮ್ಮ ನಗ್ತಿದ್ರು. ನಗಲಿ ಬಿಡು. ಬ್ಯಾನಿ ಅರ್ಧಕ್ಕರ್ಧ ಕಡಿಮಿ ಆಗಿತ್ತು. ಆ ಸರ್ ಮ್ಯಾಲ ನಂಗ ಅವ್ವನ ಮ್ಯಾಲ ಇದ್ದಷ್ಟೇ ಭರೋಸಾ ಇತ್ತು.

ಅಷ್ಟರಾಗ ಔರಾದಕ್ಕ ಪಂದ್ಯ ಬಂತು. ರಾಜ್ಯದ ತಂಡಕ್ಕ ಆರಿಸೋರು ಅಲ್ಲಿಗೇ ಬರೋರಿದ್ರು. ಅವಸರ ಮಾಡಬ್ಯಾಡ ಅಂದ ಸರ್, "ಈ ಪಂದ್ಯ ಆಡ್ಲೇಬೇಕು, ನಿನ್ನ ಬಿಟ್ರ ತಂಡ ಇಲ್ಲ" ಅಂದ್ರು. ಹಿಂದಿನ ದಿನ ಸಂಜಿಕ ನಮ್ಮ ಮನಿಗಿ ಬಂದು ಚಹಾ ಕುಡದು, ಗೇಟಿನ ಹತ್ರ ನಮ್ಮ ಅಕ್ಕನ ಜೋಡಿ ಭಾಳ ಹೊತ್ತು ಮಾತಾಡ್ಕೋತ ನಿಂತ್ರು. ಇವರಿಬ್ಬರ ನಡುವ ಏನೋ ನಡದದ ಅಂತ ನಾ ಕಿಡಕಿಯಿಂದ ನೋಡಿ ಖುಷಿಪಟ್ಟೆ. ಎಂಥಾ ದಡ್ಡಿ ನಾನು!

ಅಕ್ಕ ನರ್ಸ್, ಅವ್ವನೂ ನರ್ಸ್. ನಮ್ಮ ಮೆಥಡಿಸ್ಟ್ ಮನ್ಯಾಗ ಒಂದು ರೂಢಿ. ಸೂಜಿ ಮಾಡೋಕಿಂತ ಮೊದಲು ಎಲ್ಲಾರೂ ಕಣ್ಣು ಮುಚ್ಚಿ ಸಣ್ಣದೊಂದು ಪ್ರಾರ್ಥನಾ ಮಾಡ್ತೇವಿ. ಆಮೆನ್ ಅನ್ನೋದ್ರಾಗ ಸೂಜಿ ಒಳಗ ಹೋಗಿರ್ತದ. ಅದರಾಗ ಏನದ ಅಂತ ಯಾರೂ ಕೇಳಂಗಿಲ್ಲ. ಅವ್ವ ಸಾರಿಗಿ ಏನು ಹಾಕ್ಯಾಳ ಅಂತ ಕೇಳ್ತೇವೇನು? ಹಂಗೇ.

ಪಂದ್ಯದ ದಿನ ಅಕ್ಕ ನನ್ನ ಜೋಡಿ ಔರಾದಕ್ಕ ಬಂದಳು. "ತಾಕತ್ತಿನ ಸೂಜಿ ಅದ, ಕಣ್ಣು ಮುಚ್ಚು" ಅಂದಳು. ತಾಕತ್ತಿನ ಸೂಜಿ ಹಿಮ್ಮಡಿಗಿ ಯಾಕ ಅಂತ ಬಾಯಿತನಕ ಬಂದಿತ್ತು. ಪ್ರಾರ್ಥನಾ ನಡದಿತ್ತು, ನುಂಗಿಕೊಂಡೆ.

ಯಪ್ಪಾ, ಏನ್ ಓಡಿದೆ ಅವತ್ತು! ಬ್ಯಾನಿ ಅನ್ನೋದು ಹೆಸರಿಗೂ ಇಲ್ಲ. ಚಿಂತಾಕಿಯಿಂದ ಟ್ರ್ಯಾಕ್ಟರ್ ತುಂಬಿ ಬಂದ ಮಂದಿ ಸೀಟಿ ಹೊಡೀತಿದ್ರು. ಕಂಬ ಸುತ್ತಿ ತಿರುಗೋ ಮುಂದ ಹಿಂದಿಂದ ಯಾರೋ ಜೋರಾಗಿ ಒದ್ದಂಗಾತು. "ಯಾಕ ಒದೀತಿ, ಕಣ್ಣು ಕಾಣಂಗಿಲ್ಲೇನು?" ಅಂತ ಬೈಕೋತ ತಿರುಗಿದೆ. ಹಿಂದ ಯಾರೂ ಇದ್ದಿಲ್ಲ. ಕಾಲು ಊರಲಿಕ್ಕ ಹೋದ್ರ ಹಿಮ್ಮಡಿ ನಂದಲ್ಲ ಅನ್ನೋ ಹಂಗ ಜೋತು ಬಿತ್ತು. ಸರ್ ನನ್ನ ಕಡಿ ಓಡಿ ಬರಲಿಲ್ಲ. ಬದಲಿ ಹುಡುಗಿನ ಕೂಗಿದ್ರು.

ಬೀದರದ ಡಾಕ್ಟರು ಕಾಲು ನೋಡಿ, "ನರ ಪೂರಾ ಹರದದ. ಇಲ್ಲಿ ಸೂಜಿ ಯಾರು ಮಾಡಿದ್ರು?" ಅಂತ ಕೇಳಿದ್ರು. ಅಕ್ಕ ಗೋಡಿ ನೋಡಿದಳು. ಜೋಮು ಹಿಡಿಸೋ ಔಷಧ ಕೂಡಿಸಿ ಬ್ಯಾನಿ ಮುಚ್ಚೋ ಸ್ಟೀರಾಯ್ಡ್ ಸೂಜಿ ಅದು, ಸರ್ ಕೇಳಿದ್ರಂತ, ಇಕಿ ಮಾಡಿದಳು. ಮನಿಗಿ ಬಂದು ಬೈಬಲ್ ಮ್ಯಾಲ ಕೈ ಇಟ್ಟು ಅತ್ತಳು: "ಹಿಂಗ ಹರೀತದ ಅಂತ ನಂಗ ಖರೇನೇ ಗೊತ್ತಿದ್ದಿಲ್ಲವಾ."

ನಂಬಿದೆ. ಒಡಹುಟ್ಟಿದಕಿನ ನಂಬದೆ ಇನ್ನ ಯಾರನ್ನ ನಂಬಲಿ? ಇದ್ದ ಸಿಟ್ಟೆಲ್ಲ ಸರ್ ಮ್ಯಾಲ ಹಾಕಿದೆ. ಮರುವರ್ಷ ಅದೇ ಸರ್ ನಮ್ಮ ಭಾವ ಆದ್ರು. ಕ್ರಿಸ್‌ಮಸ್ ಊಟಕ್ಕ ನನ್ನ ತಾಟಿಗಿ ಕೋಳಿ ಬಡಸ್ಕೋತ, "ಕಾಲು ಹ್ಯಾಂಗದ?" ಅಂತಾರ. ಮೈ ಉರೀತದ. ಆದ್ರೂ ಉಣ್ತೇನಿ, ಅಕ್ಕನ ಮುಖ ನೋಡಿ. ಪಾಪ, ಅಕಿಗಿ ಗೊತ್ತಿದ್ದಿಲ್ಲ.

ಹೋದ ತಿಂಗಳು ಅಕ್ಕ ತನ್ನ ಮಗಳನ್ನ ಕರ್ಕೊಂಡು ನನ್ನ ಹತ್ರ ಬಂದಳು. ಹುಡುಗಿ ಓಟದಾಗ ಚುರುಕು. ಅಕಿಗೂ ಅದೇ ಹಿಮ್ಮಡಿ ಬ್ಯಾನಿ.

"ಇವರಪ್ಪ ಸೂಜಿ ಮಾಡು, ಭಾಲ್ಕಿ ಪಂದ್ಯ ಆಡ್ಲಿ ಅಂತಾರ," ಅಂದಳು ಅಕ್ಕ. "ನಾ ಒಲ್ಲೆ ಅಂದೆ. ಆ ಸೂಜಿ ಮಾಡಿ ಓಡಿಸಿದ್ರ ನರ ಹರೀತದ. ನೀನೇ ಮೆಲ್ಲಗ ಕಸರತ್ತು ಕಲಿಸು."

"ಇದು ನಿಂಗ ಯಾವಾಗಿಂದ ಗೊತ್ತು, ಅಕ್ಕಾ?"

ಅಕಿ ಬಗ್ಗಿ ಮಗಳ ಬೂಟಿನ ಲೇಸ್ ಬಿಚ್ಚಲಿಕ್ಕ ಹತ್ತಿದ್ದಳು. "ಏ, ಇದೇನು ಹೊಸಾದೇನು? ನರ್ಸಿಂಗ್ ಕಲಿಯೋ ಮುಂದನೇ ಹೇಳಿಕೊಡ್ತಾರ" ಅಂದಳು.

ಅಂದಳು, ಅಕಿ ಕೈ ಅಲ್ಲೇ ನಿಂತವು.

ಅಂದ್ರ ನಂಗ ಸೂಜಿ ಮಾಡೋ ಮುಂದನೂ ಅಕಿಗಿ ಗೊತ್ತಿತ್ತು. ಹರದದ್ದು ಕಾಲಿನ ನರ, ಅದನ್ನ ಡಾಕ್ಟರು ಹೊಲದ್ರು. ಇದನ್ನ ಯಾರು ಹೊಲೀತಾರ? "ಒಂದು ಸಲಕ್ಕ ಏನೂ ಆಗಂಗಿಲ್ಲ ಅನ್ಕೊಂಡೆ ತಂಗಿ... ಅವರು ಅಷ್ಟು ಕೇಳ್ಕೊಂಡ್ರು..." ಅಂತ ಅಕ್ಕ ಏನೇನೋ ಅಂದಳು. ಮಗಳ ಮುಂದ ಅಕಿ ಮರ್ಯಾದಿ ತೆಗೀಬಾರದು ಅನ್ಕೊಂಡು ಎದ್ದೆ.

ಹುಡುಗಿ ಕೈ ಹಿಡದು ಮೆಟ್ಟಲಿಗಿ ಕರ್ಕೊಂಡು ಹೋದೆ. "ಬೆರಳು ಊರವಾ. ಹಿಮ್ಮಡಿ ಮೆಲ್ಲಗ ಬಿಡು." ಅಕಿಗಿ ಅಂಜಿಕಿ ಆಗಿರಬೇಕು. ನಮ್ಮ ಮನಿ ಮಗಳೇ ಅಲ್ಲೇನು, ಗಪ್ಪನೆ ಕಣ್ಣು ಮುಚ್ಚಿದಳು.

"ಕಣ್ಣು ತೆಗಿ," ಅಂದೆ, ಅಕ್ಕನಿಗಿ ಕೇಳೋ ಹಂಗ. "ಯಾರು ಏನು ಮಾಡಿದ್ರೂ ಕಣ್ಣು ತಕ್ಕೊಂಡೇ ಇರು."