ನಲವತ್ತೊಂದನೆಯ ನಿಮಿಷ

ಹೋದ ಭಾನುವಾರ ಅಟ್ಟದ ಮೇಲಿನ ರಟ್ಟಿನ ಡಬ್ಬ ಇಳಿಸಿ, ಬೇಕಾದದ್ದು ಬೇಡವಾದದ್ದು ವಿಂಗಡಿಸುತ್ತ ಕೂತಿದ್ದೆ. ತಳದಲ್ಲಿ ಬೂದು ಬಣ್ಣದ ಒಂದು ವಯರು ಸಿಕ್ಕಿತು. ಒಂದು ತುದಿಗೆ ದಪ್ಪ ಮೂತಿ, ಇನ್ನೊಂದಕ್ಕೆ ಸಣ್ಣದು. ಈಗಿನ ಯಾವ ಯಂತ್ರಕ್ಕೂ ಅದು ಹೊಂದುವುದಿಲ್ಲ. ಕ್ಯಾಮ್‌ಕಾರ್ಡರಿನಿಂದ ಕಂಪ್ಯೂಟರಿಗೆ ವಿಡಿಯೋ ಇಳಿಸಿಕೊಳ್ಳಲೆಂದು ಒಂದು ಕಾಲದಲ್ಲಿ ಹೈದರಾಬಾದಿನ ಅಂಗಡಿ ಅಂಗಡಿ ಅಲೆದು ತಂದಿದ್ದ ವಯರು. ಅದರ ಸುರುಳಿಯೊಳಗೆ ಕ್ಯಾಮ್‌ಕಾರ್ಡರಿನ ಒಂದು ಪುಟ್ಟ ಟೇಪಿನ ಕ್ಯಾಸೆಟ್ಟು, ಮೇಲೆ ನನ್ನದೇ ಅಕ್ಷರ: ‘ವತ್ಸಲತ್ತಿ – ಫೈನಲ್’. ಫೈನಲ್ ಎಂದು ಹೆಸರಿಟ್ಟದ್ದು ಎಂದೂ ಫೈನಲ್ ಆಗಿರುವುದಿಲ್ಲ ಎಂದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಆಗ ನನಗಿನ್ನೂ ಗೊತ್ತಿರಲಿಲ್ಲ.

ಊರಿಗೆ ಊರೇ ಕಂಪ್ಯೂಟರ್ ಕಲಿಯಲು ಓಡುತ್ತಿದ್ದ ದಿನಗಳು ಅವು. ನಾನು ಹೈಟೆಕ್ ಸಿಟಿಯ ಒಂದು ಕಂಪನಿಯಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಕೆಲಸಕ್ಕಿದ್ದೆ. ಇಡೀ ದಿನ ತಪ್ಪು ಹುಡುಕಿ ಸಂಬಳ ತರುವವಳಿಗೆ ಮನೆಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ ಎಂದು ಅವ್ವ ಅನ್ನುತ್ತಿದ್ದಳು.

ನಮ್ಮ ಮನೆ ಬೇಗಂಪೇಟೆಯಲ್ಲಿ. ಅಜ್ಜ ಗುಲ್ಬರ್ಗದಿಂದ ಸರಕಾರಿ ನೌಕರಿಗೆಂದು ಬಂದವರು ಅಲ್ಲೇ ಬೇರು ಬಿಟ್ಟಿದ್ದರು. ಹೊಸ್ತಿಲ ಹೊರಗೆ ತೆಲುಗು, ಹಿಂದಿ, ಒಳಗೆ ಕನ್ನಡ, ತಲೆಯ ಮೇಲೆ ವಿಮಾನ. ಆಗ ವಿಮಾನ ನಿಲ್ದಾಣ ಅಲ್ಲೇ ಇತ್ತಲ್ಲ, ನಮ್ಮ ಮಾಳಿಗೆಯನ್ನು ಸವರಿಕೊಂಡೇ ಅವು ಇಳಿಯುತ್ತವೇನೋ ಅನ್ನಿಸುತ್ತಿತ್ತು. ವಿಮಾನ ಬಂದರೆ ನಾವೆಲ್ಲ ಮಾತು ಎಲ್ಲಿತ್ತೋ ಅಲ್ಲೇ ನಿಲ್ಲಿಸಿ, ಅದು ಹೋದ ಮೇಲೆ ಮುಂದಿನ ಶಬ್ದದಿಂದ ಶುರು ಮಾಡುತ್ತಿದ್ದೆವು. “ಸಾರಿಗೆ ಉಪ್ಪು” ಎಂದು ಅಪ್ಪ ಬಾಯಿ ತೆರೆದುಕೊಂಡೇ ಕೂತು, ಸದ್ದು ಅಡಗಿದ ಮೇಲೆ “ಕಮ್ಮಿ ಆಗೇತಿ” ಅನ್ನುತ್ತಿದ್ದರು. ಹೊಸದಾಗಿ ಬಂದ ನೆಂಟರು ನಮಗೆಲ್ಲ ಒಟ್ಟಿಗೆ ಏನೋ ಆಯಿತೆಂದು ಗಾಬರಿಯಾಗುತ್ತಿದ್ದರು. ಈ ಶಿಸ್ತಿನಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು ಅಪ್ಪನ ತಂಗಿ ವತ್ಸಲತ್ತಿ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು, ತರಗತಿಯಲ್ಲಿ ಮಾಡುವಂತೆ ಮನೆಯಲ್ಲೂ ಒಂದು ಬೆರಳೆತ್ತಿ ಹಿಡಿದು, ವಿಮಾನ ದಾಟಿದ ಮೇಲೆ ಇಳಿಸುವಳು.

ವತ್ಸಲತ್ತಿಗೆ ಆಗ ಮೂವತ್ತೊಂಬತ್ತು ವರ್ಷ. ಬಂದ ವರಗಳೆಲ್ಲ ಉಪ್ಪಿಟ್ಟು, ಶಿರಾ ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋದವರೇ. ಕೊನೆಯವರು ಅವಳ ನಗು ಸ್ವಲ್ಪ ಜೋರಾಯಿತು ಎಂದು ಹೇಳಿಕಳಿಸಿದ್ದರು. ಅವತ್ತೇ ಅವಳು ಅಪ್ಪನಿಗೆ ಸಾಫಾಗಿ ಹೇಳಿಬಿಟ್ಟಳು: “ಅಣ್ಣಾ, ಇನ್ನ ಯಾರ ಮುಂದೂ ತಾಟು ಹಿಡ್ಕೊಂಡು ಬರಂಗಿಲ್ಲ. ಸಾಕಾಗೇತಿ.”

ಹೀಗಿರುವಾಗ ಪುಣೆಯ ಕಾರ್ಖಾನೆಯೊಂದರಲ್ಲಿದ್ದ ಇಂಜಿನಿಯರ್ ಒಬ್ಬರ ಸುದ್ದಿ ಬಂತು. ನಲವತ್ತಮೂರು ವರ್ಷ, ತಾಯಿಯ ಆರೈಕೆಯಲ್ಲಿ ಮದುವೆ ಮುಂದೆ ಹಾಕುತ್ತ ಬಂದವರು. ಇದೊಂದು ತಪ್ಪಿದರೆ ತಂಗಿ ಮತ್ತೆ ಯಾವುದಕ್ಕೂ ಒಪ್ಪುವುದಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು. ಅವರ ಮುಖ ಸಣ್ಣದಾಗಿದ್ದು ನೋಡಿ ನಾನು ಮುಂದೆ ಬಂದೆ. ಗೆಳತಿಯೊಬ್ಬಳು ಸಿಂಗಪುರದಿಂದ ತಂದುಕೊಟ್ಟ ಕ್ಯಾಮ್‌ಕಾರ್ಡರ್ ನನ್ನ ಹತ್ತಿರ ಇತ್ತು. ವಿಡಿಯೋ ತೆಗೆದು, ಕಂಪ್ಯೂಟರಿನಲ್ಲಿ ಚೊಕ್ಕ ಮಾಡಿ, ಸೀಡಿ ಕಳಿಸಿದರಾಯಿತು. ತಾಟೂ ಬೇಡ, ಉಪ್ಪಿಟ್ಟೂ ಬೇಡ. ಅತ್ತಿ “ಹೂಂ” ಅಂದಳು.

ಶನಿವಾರ ಬೆಳಿಗ್ಗೆ ಅವಳನ್ನು ಇಳಕಲ್ ಸೀರೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿ, ಕ್ಯಾಮ್‌ಕಾರ್ಡರನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಹೆಸರು, ಓದು, ಹವ್ಯಾಸ ಎಲ್ಲ ಹೇಳಿಸಿದೆ. ಅಷ್ಟರಲ್ಲಿ ಆಫೀಸಿನಿಂದ ಫೋನು. ಆಫೀಸಿಗೆ ಓಡಿದೆ. ಕ್ಯಾಮರಾ ನಿಲ್ಲಿಸುವುದನ್ನು ಮರೆತೆ. ತಪ್ಪು ಹುಡುಕುವವಳ ತಪ್ಪು ಹುಡುಕಲು ಮನೆಯಲ್ಲಿ ಯಾರೂ ಇರಲಿಲ್ಲ, ಟೇಪು ಮುಗಿಯುವವರೆಗೂ ಅದು ತಿರುಗುತ್ತಲೇ ಇತ್ತು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ಒಂದು ತಾಸಿನ ಟೇಪು ಕಂಪ್ಯೂಟರಿಗೆ ಇಳಿಯಲು ಪೂರ್ತಿ ಒಂದು ತಾಸೇ ಬೇಕು. ಅವಸರ ಅನ್ನುವುದು ಅದಕ್ಕೆ ಗೊತ್ತಿಲ್ಲ. ನಡುವೆ ಕಂಪ್ಯೂಟರ್ ಒಂದು ಕ್ಷಣ ತಡವರಿಸಿದರೂ ಚಿತ್ರದ ತುಣುಕುಗಳು ಉದುರಿಹೋಗುತ್ತವೆ. ಮೊದಲ ಸಲ ಅವ್ವ ಚಟ್ನಿಗೆ ಮಿಕ್ಸರ್ ಹಚ್ಚಿದಳು, ತುಣುಕು ಉದುರಿದವು. ಎರಡನೆಯ ಸಲ ಕರೆಂಟೇ ಹೋಯಿತು. ಮೂರನೆಯ ಸಲ ಅಪ್ಪ ತಾವೇ ಉಸ್ತುವಾರಿ ವಹಿಸಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರಿದರು: “ಇಂಪೋರ್ಟ್ ನಡಿಯಾಕತ್ತೈತಿ. ಯಾರೂ ಏನೂ ಹಚ್ಚಬ್ಯಾಡ್ರಿ, ಯಾರೂ ಏನೂ ಮುಟ್ಟಬ್ಯಾಡ್ರಿ.” ಮಿಕ್ಸರಿಗೂ ಉದುರುವ ತುಣುಕಿಗೂ ನಿಜವಾಗಿ ಸಂಬಂಧವಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಒಂದು ತಾಸು ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆಗೂ ಇಲ್ಲದ ಮಡಿ ನಡೆಯಿತು. ಎಲ್ಲರೂ ಕಂಪ್ಯೂಟರಿನ ಮುಂದೆ ಸಾಲಾಗಿ ಕೂತೆವು.

ಮೊದಲ ಹನ್ನೆರಡು ನಿಮಿಷ ಕುರ್ಚಿಯ ಮೇಲಿನ ಅತ್ತಿ. ಆಮೇಲೆ ನೋಡಿ, ಅವಳು ಸೆರಗು ಸೊಂಟಕ್ಕೆ ಸಿಗಿಸಿ ನೆಲದ ಮೇಲೆ ಕೂತು ಪರೀಕ್ಷೆಯ ಪೇಪರು ತಿದ್ದಲು ಶುರು ಮಾಡಿದಳು. ಕಿಟಕಿಯಿಂದಲೇ ಸೊಪ್ಪಿನವಳ ಜೊತೆ ತೆಲುಗಿನಲ್ಲಿ ಜಗಳವಾಡಿ, ಕೊನೆಗೆ ಅವಳ ಮಗಳ ಬಾಣಂತನದ ಸುದ್ದಿ ಕೇಳಿದಳು. ವಿಮಾನ ಬಂದಾಗ ಬೆರಳೆತ್ತಿದಳು, ಹೋದಾಗ ಇಳಿಸಿದಳು. ಒಂದು ಪೇಪರು ಹಿಡಿದು ಒಳಗಿದ್ದ ಅವ್ವನಿಗೆ ಕೂಗಿ ಹೇಳಿದಳು: “ವೈನೀ, ಈ ಹುಡುಗಿ ಬಾವಿ ತೋಡಾಕ ಆರೂವರಿ ಆಳು ಬೇಕು ಅಂತ ಬರದಾಳ. ಅರ್ಧಾ ಆಳನ್ನ ಎಲ್ಲಿಂದ ಕರಕೊಂಡು ಬಂದಳೋ ಏನೋ. ಅರ್ಧಾ ಮಾರ್ಕು ಕೊಟ್ಟೀನಿ ನೋಡ್ರಿ, ಆ ಅರ್ಧಾ ಆಳಿನ ಪಾಲಿಂದು.” ಹೇಳಿ ನಕ್ಕಳು. ಆ ಜೋರು ನಗು. ಅಪ್ಪ ತಲೆಯ ಮೇಲೆ ಕೈ ಹೊತ್ತರು.

ನಲವತ್ತೊಂದನೆಯ ನಿಮಿಷಕ್ಕೆ ಅತ್ತಿ ತಲೆಯೆತ್ತಿದಳು. ಕ್ಯಾಮರಾದ ಕೆಂಪು ದೀಪ ಕಂಡಿರಬೇಕು. ಅದೇ ಹೊತ್ತಿಗೆ ಮತ್ತೊಂದು ವಿಮಾನ. ಈ ಸಲ ಅವಳು ಬೆರಳೆತ್ತಲಿಲ್ಲ. ನೆಟ್ಟಗೆ ಕ್ಯಾಮರಾ ನೋಡುತ್ತ ಏನೋ ಅಂದಳು. ಸದ್ದಿನಲ್ಲಿ ತುಟಿ ಅಲುಗಿದ್ದಷ್ಟೇ ಕಂಡಿತು. ಆಮೇಲೆ ಕ್ಯಾಮರಾ ನಿಲ್ಲಿಸಲೂ ಏಳದೆ ಮುಂದಿನ ಪೇಪರು ತೆಗೆದಳು. ಕ್ಯಾಮರಾ ನಿಲ್ಲಿಸದೆ ಹೋದ ನನ್ನನ್ನೇ ಬೈದಿರುತ್ತಾಳೆ ಎಂದುಕೊಂಡೆ. ನನ್ನ ಕಣ್ಣೆಲ್ಲ ಪರದೆಯ ಮೂಲೆಯಲ್ಲಿ ಉದುರಿದ ತುಣುಕು ಎಣಿಸುವ ಅಂಕಿಯ ಮೇಲಿತ್ತು.

ಆಮೇಲೆ ನನ್ನ ಕೈಚಳಕ. ಆ ಸಾಫ್ಟ್‌ವೇರಿನಲ್ಲಿ ಎಷ್ಟು ಚಮತ್ಕಾರಗಳಿದ್ದವೋ ಅಷ್ಟನ್ನೂ ಬಳಸಿದೆ. ಗುಲಾಬಿ ದಳ ಉದುರಿಸಿದೆ, ಹೃದಯದ ಆಕಾರದಲ್ಲಿ ಪರದೆ ಸರಿಸಿದೆ, ಹಿಂದೆ ಕೊಳಲು ಹಾಕಿದೆ. ನಗು, ಸೊಪ್ಪು, ವಿಮಾನ, ಅರ್ಧ ಆಳು, ಎಲ್ಲ ಕತ್ತರಿಸಿ ನಾಲ್ಕು ನಿಮಿಷಕ್ಕೆ ತಂದೆ. ಅಪ್ಪ ಖುಷಿಯಾದರು. ಅತ್ತಿ ನೋಡಿ ಕೇಳಿದಳು, “ಇಕಿ ಯಾರು?”

“ನೀನ, ಅತ್ತಿ.”

“ನಾ ಅಲ್ಲ. ಇಕಿ ಕ್ಯಾಲೆಂಡರ್‌ನ್ಯಾಗ ಕೂಡಾಕಿ. ಇದು ಬ್ಯಾಡ. ಆ ಪೂರಾ ಟೇಪ್ ಕಳಸು.”

“ಹುಚ್ಚಿ, ಒಂದು ತಾಸು ಕೂತು ಯಾರು ನೋಡ್ತಾರ?” ಅಂದರು ಅಪ್ಪ.

“ಒಂದು ತಾಸು ನೋಡಾಕ ಆಗದಾಂವ ನನ್ನ ಜನ್ಮಪೂರ್ತಿ ಹೆಂಗ ನೋಡ್ತಾನ, ಅಣ್ಣಾ?”

ಅಪ್ಪ ಎದ್ದು ಹೊರಗೆ ಹೋದರು. ನಾನು ಮುನಿಸಿಕೊಂಡೇ ಪೂರ್ತಿ ಟೇಪನ್ನು ಸೀಡಿಗೆ ಹಾಕಿ ಪುಣೆಗೆ ಕಳಿಸಿದೆ. ಒಂದು ವಾರ ಹೋಯಿತು, ಎರಡಾಯಿತು. ಅತ್ತಿ ಏನೂ ಆಗದವಳಂತೆ ಶಾಲೆಗೆ ಹೋಗಿ ಬರುತ್ತಿದ್ದಳು. ಆದರೆ ಫೋನು ರಿಂಗಾದಾಗಲೆಲ್ಲ ಅವಳ ಕೆಂಪು ಪೆನ್ನು ನಿಲ್ಲುವುದನ್ನು ನಾನು ನೋಡಿದೆ. ನಾಲ್ಕು ನಿಮಿಷದ್ದನ್ನೇ ಕದ್ದು ಕಳಿಸಬೇಕಿತ್ತು ಎಂದು ಹಳಹಳಿಸಿದೆ.

ಮೂರನೆಯ ಭಾನುವಾರ ಪುಣೆಯಿಂದ ಆ ಇಂಜಿನಿಯರದೇ ಫೋನು. ಅಪ್ಪ ಎತ್ತಿಕೊಂಡು, ಕೇಳುತ್ತ ಕೇಳುತ್ತ ಹುಬ್ಬು ಮೇಲೇರಿಸಿದರು. “ಏನ್ರಿ? ನಲವತ್ತೊಂದನೇ ನಿಮಿಷ? ಹಂಗೇನೂ... ತಡೀರಿ, ಆಕಿನ್ನ ಕೇಳ್ತೀನಿ.” ಫೋನಿಗೆ ಅಂಗೈ ಮುಚ್ಚಿ ಅತ್ತಿಯ ಕಡೆ ತಿರುಗಿದರು. “ವಿಮಾನ ಹೋಗುವಾಗ ನೀ ಏನೋ ಅಂದಿಯಂತ. ಮೂರು ಸಲ ಹಚ್ಚಿ ನೋಡಿದ್ರಂತ, ತಿಳೀಲಿಲ್ಲಂತ. ಏನಂದ್ರು ಅಂತ ಕೇಳಾಕತ್ತಾರ.”

ಟೇಪು ಇಳಿಯುವಾಗ ಅದನ್ನು ಅವಳ ಪಕ್ಕದಲ್ಲೇ ಕೂತು ನೋಡಿದವಳು ನಾನು. ನನಗೆ ಕೇಳಬೇಕು ಅನ್ನಿಸಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅತ್ತಿ ಎದ್ದು ಬಂದು ಫೋನು ತೆಗೆದುಕೊಂಡಳು. ನಾವು ಮೂವರೂ ಕಿವಿ ನಿಮಿರಿಸಿ ನಿಂತೆವು. ಅವಳು ಕಿಟಕಿಯ ಕಡೆ ನೋಡುತ್ತ ಕಾದಳು. ವಿಮಾನ ಬಂತು, ಆಗ ಫೋನಿಗೆ ಬಾಯಿ ಹಚ್ಚಿ ಹೇಳಿದಳು. ಸದ್ದು ಅಡಗುವಷ್ಟರಲ್ಲಿ ಅವಳು ನಗುತ್ತಿದ್ದಳು, ಜೋರಾಗಿಯೇ.

ಮದುವೆಯಾಯಿತು. ಅತ್ತಿ ಶಾಲೆ ಬಿಡಲಿಲ್ಲ. ಅವಳ ಗಂಡ, ನಮ್ಮ ಮಾಮಾ, ತಾವೇ ಪುಣೆ ಬಿಟ್ಟು ಪಟಾನ್‌ಚೆರುವಿನ ಕಾರ್ಖಾನೆಗೆ ಕೆಲಸ ಬದಲಿಸಿ ಬಂದರು. ಮಿಯಾಪುರದಲ್ಲಿ ಮನೆ ಮಾಡಿದರು. ಆಮೇಲೆ ಹೊಸ ನಿಲ್ದಾಣವಾಗಿ ವಿಮಾನಗಳೂ ಊರಾಚೆಯ ಶಂಷಾಬಾದಿಗೆ ಹೋದವು.

ಟೇಪನ್ನು ಒಂದು ಅಂಗಡಿಯಲ್ಲಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು ನಿನ್ನೆ ಮಿಯಾಪುರಕ್ಕೆ ಹೋದೆ. ಅಲ್ಲೊಂದಿಷ್ಟು ಇಲ್ಲೊಂದಿಷ್ಟು ತೋರಿಸಿ ಬೇಗ ಎದ್ದು ಬರುವ ಲೆಕ್ಕ ನನ್ನದು. ಈಗೀಗ ನಾನು ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲೇ ನೋಡುವುದು. ಆದರೆ ರಿಮೋಟು ಮಾಮಾ ಅವರ ಕೈಯಲ್ಲಿತ್ತು, ಅವರು ಮೊದಲಿನಿಂದ ಹಚ್ಚಿದರು.

ನಲವತ್ತೊಂದನೆಯ ನಿಮಿಷಕ್ಕೆ ಟೀವಿಯಲ್ಲಿ ವಿಮಾನ ಗುಡುಗಿತು. ಮಾತಾಡುತ್ತಿದ್ದ ನಾವು ಮೂವರೂ ಚಹದ ಕಪ್ಪು ಹಿಡಿದುಕೊಂಡೇ ಗಪ್ಪಾದೆವು. ಅದು ದಾಟಿದ ಮೇಲೆ ನಾನು ಕೇಳಿದೆ. “ಅತ್ತಿ, ಇಲ್ಲಿ ವಿಮಾನ ಬರಂಗಿಲ್ಲ. ಈಗರ ಹೇಳು. ಏನಂದಿದ್ದಿ?”

ಅತ್ತಿ ಪರದೆಯ ಮೇಲಿನ ತನ್ನನ್ನೇ ನೋಡುತ್ತಿದ್ದಳು. “ನಾ ಇರೋದ ಹಿಂಗ್ರಿ, ನಡೀತೈತೇನ್ರಿ ಅಂತ ಕೇಳಿದ್ದೆ.”

“ಅದಕ್ಕ ನೀವೇನಂದ್ರಿ, ಮಾಮಾ?”

ಮಾಮಾ ಟೀವಿಯಿಂದ ಕಣ್ಣು ತೆಗೆಯಲಿಲ್ಲ. “ನಡೀತೈತ್ರಿ ಅಂದೆ. ಇನ್ನೂ ಹತ್ತೊಂಬತ್ತು ನಿಮಿಷ ಐತಿ, ಸುಮ್ಮ ಕೂತು ನೋಡು.”

ನಾನು ಫೋನನ್ನು ಬೋರಲು ಹಾಕಿ, ಕೂತು ನೋಡಿದೆ.